ಹಾಕದ ಕಾಳಿನ ಬಿಲ್ಲು

ಬಿಲ್ಲು ಜಾಸ್ತಿ ಆಯಿತೆಂದು ಆಸ್ಪತ್ರೆಯ ದುಡ್ಡು ಕಟ್ಟುವ ಕಿಟಕಿಯಲ್ಲಿ ಕೂಗಾಡುವವರನ್ನು ನೋಡಿದ್ದೇನೆ, ನಾನೂ ಕೂಗಾಡಿದ್ದೇನೆ. ಅವತ್ತು ನನ್ನ ಮುಂದೆ ನಿಂತಿದ್ದ ಹೆಂಗಸು ಕಡಿಮೆ ಆಯಿತೆಂದು ತಗಾದೆ ತೆಗೆದಳು.

"ನಮ್ಮ ಯಜಮಾನರಿಗೆ ನಿನ್ನೆ ಪ್ರಾಸ್ಟೇಟ್ ಕ್ಯಾನ್ಸರಿಗೆ ಮೈಯೊಳಗೆ ಅಕ್ಕಿಕಾಳಿನಷ್ಟು ಸಣ್ಣ ರೇಡಿಯೇಶನ್ ಕಾಳು ಹಾಕಿದಾರಪ್ಪ. ಅದರ ದುಡ್ಡೇ ಇದ್ರಲ್ಲಿಲ್ಲ. ಆಮೇಲೆ ನಿನ್ನ ಸಂಬಳದಲ್ಲಿ ಹಿಡ್ಕೊಂಡಾರು."

ಗುಮಾಸ್ತ ನಕ್ಕ. "ನಿಮ್ಮಂಥೋರು ದಿನಕ್ಕೊಬ್ರು ಬಂದ್ರೆ ಸಾಕಮ್ಮ. ಇರಿ, ನೋಡ್ತೀನಿ."

ಕಂಪ್ಯೂಟರ್ ನೋಡಿದವನ ನಗು ನಿಂತಿತು.

"ಬಿಲ್ಲು ಸರಿಯಾಗೇ ಇದೆ."

"ಹೆಂಗಪ್ಪಾ?"

"ಆಪರೇಷನ್ ಶುರು ಮಾಡಿ, ಮಧ್ಯದಲ್ಲೇ ನಿಲ್ಲಿಸಿದ್ದು ಅಂತ ಕೋಡ್ ಹಾಕಿದಾರೆ. ಕಾಳು ಹಾಕಿಲ್ಲ. ಡಾಕ್ಟರ್ ಹೇಳ್ಲಿಲ್ವಾ?"

"ಮನೆಗೆ ಹೋಗೋ ಮುಂಚೆ ರೂಮಿಗೆ ಬನ್ನಿ, ಮಾತಾಡೋದಿದೆ ಅಂದ್ರು." ಆಕೆ ಬಿಲ್ಲಿನ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದಳು. "ಕ್ಯಾನ್ಸರ್ ಹರಡಿಬಿಟ್ಟಿದ್ರೆ ಕಾಳು ಹಾಕೋದಿಲ್ಲ ಅಂತ ಮೊದ್ಲೇ ಹೇಳಿದ್ರು."

ಗುಮಾಸ್ತ ತಲೆ ಎತ್ತಲಿಲ್ಲ.

"ಹಂಗಾದ್ರೆ ಅವರ ಮೈಯಲ್ಲಿ ರೇಡಿಯೇಶನ್ ಇಲ್ವಾ?"

"ಇಲ್ಲಮ್ಮ."

"ಕಾಳು ಹಾಕಿದ ಮೇಲೆ ಮಗೂನ ತೊಡೆ ಮೇಲೆ ಕೂರಿಸ್ಬೇಡಿ ಅಂದಿದ್ರು. ಮೊಮ್ಮಗಳು ಬೆಳಗ್ಗೆಯಿಂದ ತಾತ ಬೇಕು ಅಂತ ಅಳ್ತಿದಾಳೆ. ನಾನೇ ಗದರಿಸಿ ದೂರ ಕೂರಿಸಿದೀನಿ."

"ಕೂರಿಸಿ ಅಮ್ಮ. ಮಗೂಗೆ ಏನೂ ಆಗಲ್ಲ."

ಆಕೆ ಬಿಲ್ಲನ್ನು ಮಡಚಿಕೊಂಡು ಹೋದಳು. ಬೆಂಚಿನ ಒಂದು ತುದಿಯಲ್ಲಿ ಗಂಡ, ಇನ್ನೊಂದು ತುದಿಯಲ್ಲಿ ಮುಖ ಊದಿಸಿಕೊಂಡ ಮಗು. ಆಕೆ ಮಗುವನ್ನೆತ್ತಿ ಅವನ ತೊಡೆಯ ಮೇಲೆ ಕೂರಿಸಿದಳು.

"ಏಯ್, ಡಾಕ್ಟರ್ ಬೇಡ ಅಂದಿದಾರಲ್ಲೇ!" ಎಂದ. ಕೈಗಳು ಆಗಲೇ ಮಗುವನ್ನು ತಬ್ಬಿಕೊಂಡಿದ್ದವು.

"ಕೂರ್ಲಿ ಬಿಡ್ರೀ," ಎಂದು ಆಕೆ ಒಬ್ಬಳೇ ಡಾಕ್ಟರ ರೂಮಿನ ಕಡೆ ನಡೆದಳು.