ಎರಡು ಬೆರಳಿನ ಕ್ಲಚ್

ಮುದ್ದೇಬಿಹಾಳದ ಬೈಕ್ ಸಾಮಾನಿನ ಅಂಗಡಿಯಲ್ಲಿ ಸುರೇಖಾ ತನ್ನ ಸ್ಕೂಟಿಗೆ ಕನ್ನಡಿ ಹಾಕಿಸಿಕೊಳ್ಳಲು ಕೂತಿದ್ದಳು. ಪಕ್ಕದ ಹೆಂಗಸಿನ ಗಂಡ ಫೋನು ಬಂತೆಂದು ಹೊರಗೆ ಹೋದದ್ದೇ ತಡ, ಆಕೆ ಅಂಗಡಿಯವನತ್ತ ಬಾಗಿದಳು.

“ಅಣ್ಣಾರ, ಆ ಗಿಡ್ಡ ಕ್ಲಚ್ ಲಿವರ್ ಸಿಗಂಗಿಲ್ಲ ಅಂತ ಹೇಳ್ರಿ.”

“ಕಣ್ಮುಂದ ತೂಗಾಕತ್ತೈತಲ್ರಿ ಅಕ್ಕಾರ. ನಿಮ್ಮ ಮನಿಯವ್ರಂಗ ಕಾಳು ಬಡಿಯೂ ರಾಶಿ ಮಷೀನಿಗೆ ಸಿಕ್ಕು ಎಡಗೈದು ಎರಡು ಬೆರಳು ಹೋದವ್ರಿಗೆ ಅದ ಬರೋಬ್ಬರಿ. ಉದ್ದಂದು ಹಿಡಿಯಾಕ ಬರಂಗಿಲ್ಲ.”

“ಬರೂದು ಬ್ಯಾಡ್ರಿ.”

“ಮತ್ತ ಇಷ್ಟು ದಿನ ಹೆಂಗ ಗಾಡಿ ಹೊಡದ್ರು?”

“ನಾ ಹಿಂದ ಕುಂತು ಕೈ ಚಾಚಿ ಕ್ಲಚ್ ಹಿಡೀತಿದ್ನಿ. ಹಿಡಿ ಅಂದ್ರ ಹಿಡಿಯೂದು, ಬಿಡು ಅಂದ್ರ ಬಿಡೂದು.”

ಅಂಗಡಿಯವನು ನಕ್ಕ. “ಸರ್ಕಸ್ ಆತಲ್ರಿ.”

“ಎಂಟು ತಿಂಗಳಾತ್ರಿ, ಅವರು ಹೂವಿನ ಹಿಪ್ಪರಗಿಗೆ ಹೋಗಿಲ್ಲ. ಅಲ್ಲಿ ಅವರದು ಇನ್ನೊಂದು ಮನಿ ಐತಿ. ನನ್ನ ಹಿಂದ ಕುಂದ್ರಿಸ್ಕೊಂಡು ಹೆಂಗ ಹೋಗ್ತಾರ?”

ಅವನ ನಗು ನಿಂತಿತು. ಆಕೆಯ ಎಡಗೈ ಬೆರಳುಗಳು ಜಡ್ಡುಗಟ್ಟಿದ್ದನ್ನು ಸುರೇಖಾ ಆಗ ನೋಡಿದಳು.

ಗಂಡ ಒಳಗೆ ಬಂದ. “ಏನಂದ್ರು?”

“ಇಲ್ಲಂತ.”

“ಕಣ್ಣು ಕಾಣಂಗಿಲ್ಲೇನ್ ನಿನಗ? ಅಲ್ಲೇ ಐತಲ್ಲ. ಆ ಕರೀದು ತಗೀರಿ.”

ಅಂಗಡಿಯವನು ಹೆಂಗಸಿನ ಮುಖ ನೋಡದೆ ಲಿವರ್ ಕೂಡಿಸಿಕೊಟ್ಟ. ಗಂಡ ಉಳಿದ ಎರಡು ಬೆರಳಲ್ಲಿ ಅದನ್ನು ಹಿಡಿದ, ಬಿಟ್ಟ, ಮತ್ತೆ ಹಿಡಿದ.

“ನೀ ಬಸ್ಸಿಗೆ ಹೋಗು. ನನಗ ಸ್ವಲ್ಪ ಕೆಲಸ ಐತಿ.”

ಬೈಕು ತಿರುವು ದಾಟುವವರೆಗೂ ಆಕೆ ನಿಂತಿದ್ದಳು.

“ಆ ಹಳೇದು ಕೊಡ್ರಿ ಅಣ್ಣಾರ,” ಅಂದಳು. ಬಿಚ್ಚಿಟ್ಟಿದ್ದ ಉದ್ದ ಲಿವರನ್ನು ಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು.