ನೂರ ಹನ್ನೆರಡನೇ ಪುಟದ ತಪ್ಪು-ಒಪ್ಪು

“ಹಲೋ... ಹಾಂ, ಯಾರು ಮಾತಾಡ್ತಿರೋದು?... ಯಾರು?... ಸ್ವಲ್ಪ ಜೋರಾಗಿ ಹೇಳಿ, ಲೈನು ಕರಕರ ಅಂತಿದೆ... ಓ, ಅಘೋರದಾ! ನೀವಾ? ಇಷ್ಟು ಮೆತ್ತಗೆ ಮಾತಾಡಿದ್ರೆ ಗುರುತು ಹೇಗೆ ಸಿಗಬೇಕು?”

ಫೋನು ಎಲ್ಲರೂ ಮಾಶಿ, ಚಿಕ್ಕಮ್ಮ, ಎನ್ನುವ ಮನೆಯೊಡತಿ ಮಿನತಿಯದು, ಮೆಟ್ಟಿಲ ಪಕ್ಕದ ಗೂಡಿನಲ್ಲಿತ್ತು. ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಇತಿ ಕರ್ಮಕಾರ್ ಕೂಗು ಕೇಳಿ ಇಳಿದು ಬಂದಿದ್ದಳು. ಈಳಿಗೆಮಣೆಯ ಮುಂದೆ ಮೀನು ಹೆಚ್ಚುತ್ತಿದ್ದ ಮಾಶಿ, ಆ ಹೆಸರು ಕಿವಿಗೆ ಬಿದ್ದದ್ದೇ ಕೈ ನಿಲ್ಲಿಸಿದಳು. ನದಿ ದಡದ ಆ ಚುಂಚುಡಾ ಊರಿನಲ್ಲಿ ಅಘೋರನಾಥ ಲಾಹಿಡಿ ಅವರನ್ನು ಅರಿಯದವರಿಲ್ಲ. ಅರವತ್ತು ದಾಟಿದರೂ ಊರಿಗೆಲ್ಲ ಅಣ್ಣ, ಅಘೋರದಾ. ‘ತೀರಭೂಮಿ’ ಪತ್ರಿಕೆಯ ಸಂಪಾದಕರು, ಅದನ್ನು ಅಚ್ಚು ಹಾಕುವ ಪ್ರೆಸ್ಸಿನ ಮಾಲೀಕರೂ ಅವರೇ. ಇಪ್ಪತ್ಮೂರರ ಇತಿ ಅಲ್ಲಿ ನಾಲ್ಕು ವರ್ಷದಿಂದ ಪ್ರೂಫ್ ತಿದ್ದುತ್ತಿದ್ದಳು.

“...ಈಗ ನೋಡಿದ್ರಾ? ದುರ್ಗಾಪೂಜೆಯ ವಿಶೇಷ ಸಂಚಿಕೆ ಬಿಡುಗಡೆಯಾಗಿ ನಾಲ್ಕು ದಿನ ಆಯ್ತಲ್ಲ! ಸಂಪಾದಕರಿಗೆ ತಮ್ಮ ಪತ್ರಿಕೆ ತಾವು ಓದಕ್ಕೆ ನಾಲ್ಕು ದಿನ ಬೇಕಾಯ್ತಾ?... ಹಾಂ. ಹಾಂ, ಚೀಟಿ. ನೂರ ಹನ್ನೆರಡನೇ ಪುಟದಲ್ಲಿ ಅಂಟಿಸಿರೋ ಚೀಟಿ. ನಾನೇ.”

“...ದ್ರೋಹನಾ?... ಇನ್ನೂ ಏನೇನಿದೆ ಪೂರ್ತಿ ಹೇಳ್ಬಿಡಿ, ಕೇಳ್ತೀನಿ.”

ಅವರು ಪೂರ್ತಿ ಹೇಳುವಷ್ಟು ಹೊತ್ತು ಇತಿ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಳು. ಸಂಚಿಕೆಯಲ್ಲಿ ಅವಳದೊಂದು ನೀಳ್ಗತೆ ಇತ್ತು. ಬೀಣಾ ಎಂಬ ಹುಡುಗಿ. ಅವಳ ಪುಸ್ತಕಗಳನ್ನು ಗಂಡ ಒಲೆಗೆ ಹಾಕುತ್ತಾನೆ. ಒಂದು ಬೆಳಿಗ್ಗೆ ಅವಳು ಗಂಡನ ಅನ್ನದ ತಟ್ಟೆ ಮುಚ್ಚಿಟ್ಟು, ಬೀಗದಕೈ ಅತ್ತೆಯ ಕೈಗೆ ಕೊಟ್ಟು, ಆಚೆ ದಡದ ಶಿಕ್ಷಕಿಯರ ಶಾಲೆಗೆ ಸೇರಲು ದೋಣಿ ಹತ್ತುತ್ತಾಳೆ. ಕೊನೆಯ ಪ್ರೂಫನ್ನು ಇತಿಯೇ ತಿದ್ದಿ ಸಹಿ ಹಾಕಿದ್ದಳು. ಹೊಲಿದು ಬಂದ ಮೊದಲ ಪ್ರತಿಯಲ್ಲಿ ಕಡೆಯ ಪುಟ ತೆರೆದರೆ ಅದು ಅವಳು ಬರೆದದ್ದೇ ಅಲ್ಲ. ಅವಳು ಊಟಕ್ಕೆ ಹೋಗಿದ್ದಾಗ ಅಘೋರನಾಥರು ಆ ಪುಟವನ್ನು ಹೊಸದಾಗಿ ಜೋಡಿಸಲು ಹೇಳಿದ್ದರು.

“ಮುಗೀತಾ?... ಈಗ ನಾನು ಕೇಳ್ತೀನಿ, ಹೇಳಿ. ಆ ದೋಣಿ ಯಾಕೆ ಕೆಟ್ಟುಹೋಯ್ತು?... ಯಾವ ದೋಣಿ ಅಂದ್ರೆ! ನೀವು ಬರೆದ ದೋಣಿ. ನಾನು ಇಪ್ಪತ್ತಾರು ಪುಟ ಹೆಣಗಾಡಿ ಒಂದು ಹುಡುಗೀನ ದೋಣಿ ಘಾಟಿನ ತನಕ ನಡೆಸ್ಕೊಂಡು ಬಂದೆ. ನೀವು ಅರ್ಧ ಪುಟದಲ್ಲಿ ದೋಣಿ ಕೆಡಿಸಿ, ಅದರ ಮೇಲೊಂದು ಬಿರುಗಾಳಿ ಎಬ್ಬಿಸಿ, ಅವಳನ್ನ ವಾಪಸ್ ಕರ್ಕೊಂಡೋಗಿ ಗಂಡನ ಕಾಲಿಗೆ ಬೀಳಿಸಿದ್ರಿ. ಅವನು ಆಶೀರ್ವಾದ ಬೇರೆ ಮಾಡ್ತಾನೆ... ತಾಳಿ, ಅದೂ ಇಲ್ಲ. ಅವನು ‘ಆರ್ಶೀವಾದ’ ಮಾಡ್ತಾನೆ.”

“...ಹೌದು, ಹಾಗೇ ಅಚ್ಚಾಗಿದೆ, ತೆಗೆದು ನೋಡಿ. ಅದನ್ನ ನೋಡಿದ ಕೂಡ್ಲೇ ಇದು ನಿಮ್ಮ ಕೈ ಅಂತ ಗೊತ್ತಾಯ್ತು. ನಾಲ್ಕು ವರ್ಷ ನಿಮ್ಮ ಆರ್ಶೀವಾದನ ಆಶೀರ್ವಾದ ಮಾಡಿದೋಳು ನಾನು. ನಿಮ್ಮ ಸಂಪಾದಕೀಯದಲ್ಲಿ ಒಂದು ಸಾಲು ನೆಟ್ಟಗಿದ್ರೆ ಅದು ನನ್ನ ಸಾಲು.”

“...ಲಾಲಿತ್ಯನಾ? ಹೆಣ್ಣುಮಕ್ಕಳ ಬರವಣಿಗೆಗೆ ಲಾಲಿತ್ಯ ಬೇಕಾ? ಓಹೋ. ಕಾಲಿಗೆ ಬಿದ್ರೆ ಲಾಲಿತ್ಯ, ದೋಣಿ ಹತ್ತಿದ್ರೆ ಗಂಡುಬೀರಿತನ, ಅಲ್ವಾ?... ಪ್ರತಿ ಭಾನುವಾರ ನಿಮ್ಮ ಜಗಲಿ ಮೇಲೆ ಎಂಟು ಜನ ಕವಿಗಳು ಕೂತು ಹೆಣ್ಣಿನ ನೋವಿನ ಬಗ್ಗೆ ಮಾತಾಡ್ತೀರಲ್ಲ, ಅವತ್ತು ಎಷ್ಟು ಸಲ ಚಹಾ ಬಂತು, ಯಾರು ತಂದ್ರು, ಯಾರಾದ್ರೂ ತಲೆ ಎತ್ತಿ ನೋಡಿದ್ದೀರಾ?”

ಮಾಶಿ ಬಾಯಿಗೆ ಸೆರಗು ಒತ್ತಿಕೊಂಡಳು.

ಚಹಾ ತರುತ್ತಿದ್ದವಳು ಶರ್ಬರಿ. ಅಘೋರನಾಥರ ಸೊಸೆ, ಇಪ್ಪತ್ತು ತುಂಬಿರಲಿಲ್ಲ. ಕಾಲೇಜಿನ ಮೊದಲ ವರ್ಷದಲ್ಲೇ ಬಿಡಿಸಿ ಮದುವೆ ಮಾಡಿದ್ದರು. ಸಂಚಿಕೆಯ ನಾನೂರು ಪ್ರತಿಗಳು ಪ್ರೆಸ್ಸಿನಲ್ಲಿ ಜಾಗವಿಲ್ಲದೆ ಅವರ ಮನೆಯ ಹೊರಕೋಣೆಗೆ ಬಂದು ಬಿದ್ದಿದ್ದವು. ಅದೇ ಹೊತ್ತಿಗೆ ಅಘೋರನಾಥರು ಎರಡು ದಿನದ ಮಟ್ಟಿಗೆ ಕಲ್ಕತ್ತಾಕ್ಕೆ ಹೋದರು. ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ನಿತಾಯ್ ಕಾಕಾ ತಾನೇ ಕೈಯಾರೆ ಆ ಪುಟ ಬದಲಿಸಿದ್ದಕ್ಕೆ ಇತಿಯ ಮುಖ ನೋಡಲಾಗದೆ, ಅವಳ ಮೂಲ ಮುಕ್ತಾಯವನ್ನು ಒಂದು ಚೀಟಿಗೆ ಜೋಡಿಸಿ ಅಷ್ಟೂ ಪ್ರತಿಗೆ ಸಾಕಾಗುವಷ್ಟು ಅಚ್ಚು ಹಾಕಿಕೊಟ್ಟ. ಮೇಲೆ ಕಪ್ಪು ಅಕ್ಷರದಲ್ಲಿ: ತಪ್ಪು-ಒಪ್ಪು. ಪುಟ ೧೧೨, ಒಂಬತ್ತನೇ ಸಾಲಿನಿಂದ ಹೀಗೆ ಓದಿಕೊಳ್ಳುವುದು.

ಚೀಟಿಗಳ ಕಟ್ಟು ಹಿಡಿದು ಇತಿ ಹೋದಾಗ ಬಾಗಿಲು ತೆರೆದದ್ದು ಶರ್ಬರಿ. ಅವಳು ಚೀಟಿಯನ್ನು ನಿಂತಲ್ಲೇ ಓದಿದಳು. ಒಳಗೆ ಹೋಗಿ ಮೈದಾ ಹಿಟ್ಟು ಕಲಸಿ ಅಂಟು ಕಾಯಿಸಿ ತಂದಳು. ಅತ್ತೆ ದೇವಸ್ಥಾನದಿಂದ ಬರುವಷ್ಟರಲ್ಲಿ ಇಬ್ಬರೂ ನಾನೂರು ಪ್ರತಿ ಮುಗಿಸಿದ್ದರು.

“...ಯಾರು ಸಹಾಯ ಮಾಡಿದ್ದು ಅಂತ ಹೇಳಲ್ಲ... ಇಲ್ಲ, ಎಷ್ಟು ಸಲ ಕೇಳಿದ್ರೂ ಹೇಳಲ್ಲ... ನಾಳೆಯಿಂದ ಬರಬೇಡ್ವಾ? ಸರಿ, ಬರಲ್ಲ.”

ಅದು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಕೇಳಿದಾಗ ಮೆಟ್ಟಿಲ ಕಂಬಿ ಹಿಡಿದುಕೊಂಡಳು. ದನಿ ಮಾತ್ರ ಅಲುಗಲಿಲ್ಲ.

“...ಅಪ್ಪಂಗೆ ಕಾಗದ ಬರೀತೀರಾ? ಧಾರಾಳವಾಗಿ ಬರೀರಿ. ಅಪ್ಪಂಗೆ ಅಕ್ಷರ ಬರಲ್ಲ, ಗುಪ್ತಿಪಾಡಾದಲ್ಲಿ ಅವರು ಕುಲುಮೆ ಬಿಟ್ಟು ಏಳೋದೂ ಇಲ್ಲ. ಬಂದ ಕಾಗದ ಓದಿ ಹೇಳೋಳು ನನ್ನ ತಂಗಿ. ಏನು ಬಿಡಬೇಕು, ಏನು ಸೇರಿಸಬೇಕು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಸಂಪಾದನೆ ಮಾಡಕ್ಕೆ ನಿಮಗೊಬ್ಬರಿಗೇ ಬರೋದಾ?”

“...ಹೆಸರಿಗೇನಾಯ್ತು?... ಹೌದು, ಚೀಟೀಲಿ ಪೂರ್ತಿ ಹಾಕ್ಸಿದ್ದೀನಿ, ಇತಿ ಕರ್ಮಕಾರ್ ಅಂತ. ನೀವು ನಾಲ್ಕು ವರ್ಷ ‘ಕುಮಾರಿ ಇ. ಕ.’ ಅಂತ ಹಾಕ್ತಿದ್ರಿ, ಸಾಹಿತ್ಯಕ್ಕೆ ಒಗ್ಗೋ ಹೆಸರಲ್ಲ ಅಂತ. ನಾಲ್ಕನೇ ಹೆಣ್ಣು, ಇಲ್ಲಿಗೆ ಸಾಕು ದೇವರೇ ಅಂತ ಅಜ್ಜಿ ಇಟ್ಟ ಹೆಸರದು. ದೇವರು ಕೇಳಲಿಲ್ಲ, ಐದನೇದೂ ಹುಡುಗೀನೇ ಕೊಟ್ಟ. ಅಜ್ಜಿ ಮಾತನ್ನೇ ಕೇಳದೋನು ನಿಮ್ಮ ಮಾತು ಕೇಳ್ತಾನಾ?”

“...ಹಾಂ?... ಏನಂದ್ರಿ?... ಇನ್ನೊಂದ್ಸಲ ಹೇಳಿ.”

ಇತಿ ಹುಬ್ಬು ಗಂಟಿಕ್ಕಿದಳು. ಆಚೆಯ ದನಿ ಇದ್ದಕ್ಕಿದ್ದಂತೆ ಬೆಲ್ಲವಾಗಿತ್ತು. ಅಷ್ಟು ಹೊತ್ತು ಗುಡುಗಿದ ಮನುಷ್ಯ ಅವಳನ್ನು ‘ಮಾ’, ಮಗಳೇ, ಎಂದು ಕರೆಯುತ್ತಿದ್ದರು.

“...ಕಲ್ಕತ್ತಾದ ಆ ದೊಡ್ಡ ವಿಮರ್ಶಕರು ಫೋನ್ ಮಾಡಿದ್ರಾ? ಅವರೇ ಖುದ್ದಾಗಿ?... ಏನಂದ್ರು?... ಒಂದು ಕತೆಗೆ ಎರಡು ಮುಕ್ತಾಯ... ಸಂಪ್ರದಾಯದ್ದೊಂದು, ಅದನ್ನ ತಪ್ಪು ಅಂತ ಹೇಳಿ ತಿದ್ದೋದು ಇನ್ನೊಂದು... ಬಂಗಾಳಿಯಲ್ಲೇ ಇಂಥ ಪ್ರಯೋಗ ಆಗಿಲ್ಲ... ಸಂಪಾದಕರ ಧೈರ್ಯ ಮೆಚ್ಚಬೇಕು ಅಂದ್ರಾ? ಯಾವ ಸಂಪಾದಕರ?”

ಅವಳು ನಕ್ಕುಬಿಟ್ಟಳು. ಮೀನು, ಈಳಿಗೆ ಎಲ್ಲ ಬಿಟ್ಟು ಮಾಶಿ ಹತ್ತಿರಕ್ಕೇ ಬಂದು ನಿಂತಳು.

“...ಅದಕ್ಕೇ ಫೋನ್ ಮಾಡಿದ್ದು, ಅಲ್ವಾ? ಬೈಯಕ್ಕಲ್ಲ. ಬೈಗುಳ ಬರೀ ಉಪ್ಪಿನಕಾಯಿ... ಭಾನುವಾರ ಈ ಕತೆಗೇ ಅಂತ ಸಭೆ. ಹಾಂ. ನೀವು ಮಾತಾಡ್ತೀರಿ, ನಾನು ಪಕ್ಕದಲ್ಲಿ ಹೊಸ ಸೀರೆ ಉಟ್ಕೊಂಡು ಕೂತು ತಲೆ ಆಡಿಸ್ಬೇಕು. ‘ಎಲ್ಲಾ ಅಘೋರದಾ ಅವರ ಕಲ್ಪನೆ, ಅವರೇ ಕೈ ಹಿಡಿದು ಬರೆಸಿದ್ರು.’ ಅಷ್ಟೇ ಸಾಕಾ?... ಕೆಲಸ ವಾಪಸ್ ಕೊಡ್ತೀರಾ? ಪುಸ್ತಕನೂ ಹಾಕ್ತೀರಾ?... ಎಂಥಾ ದೊಡ್ಡ ಮನಸ್ಸು ನಿಮ್ಮದು!”

ಪುಸ್ತಕ ಎಂಬ ಮಾತು ಅವಳನ್ನು ಒಂದು ಗಳಿಗೆ ತಡೆದದ್ದು ನಿಜ. ಒಂಬತ್ತು ಕತೆಗಳು ಟ್ರಂಕಿನಲ್ಲಿದ್ದವು. ಆದರೆ ಆ ಒಂಬತ್ತಕ್ಕೂ ಅಘೋರನಾಥರು ಬರೆಯಬಹುದಾದ ಕಡೆಯ ಪುಟಗಳು ಕಣ್ಣ ಮುಂದೆ ಸಾಲಾಗಿ ಬಂದವು.

“ಅಘೋರದಾ, ನಿಮ್ಮ ಬಗ್ಗೆ ನನಗೆ ಇಷ್ಟು ದಿನ ಸಿಟ್ಟಿತ್ತು. ಈಗ ಅದೂ ಇಲ್ಲ. ಬರೀ ಹೇಸಿಗೆ. ನನ್ನ ಕತೆ ಹಾಳು ಮಾಡಿದ್ದನ್ನಾದ್ರೂ ನಿಮ್ಮದು ಅಂತ ಎದೆ ತಟ್ಕೊಂಡು ಹೇಳಿದ್ರೆ ಒಂದು ಚೂರು ಮರ್ಯಾದೆ ಉಳೀತಿತ್ತು. ಹಾಳಾಗಿದ್ದನ್ನ ಸರಿ ಮಾಡಿದ್ದೂ ನಿಮಗೇ ಬೇಕಾ?... ಭಾನುವಾರ ಬರ್ತೀನಿ. ವೇದಿಕೆ ಮೇಲೆ ಕೂರಕ್ಕಲ್ಲ. ಕೆಳಗೆ, ಮೊದಲ ಸಾಲಲ್ಲಿ. ನಾನು ಸಹಿ ಹಾಕಿದ ಪ್ರೂಫು ನನ್ನ ಹತ್ರಾನೇ ಇದೆ, ತರ್ತೀನಿ. ಪ್ರಶ್ನೆ ಕೇಳಬಹುದು ಅಂದಾಗ ಎದ್ದು ನಿಂತ್ಕೋತೀನಿ.”

“...ಯಾರು ನಂಬ್ತಾರೆ ಅಂತೀರಾ? ಸಾಕ್ಷಿ ಹೇಳೋರು ಯಾರೂ ಇಲ್ಲ ಅಂತಾನಾ?... ಹಲೋ?... ಅಘೋರದಾ?... ಅದೇನು ಸದ್ದು?... ಯಾರು ಮಾತಾಡ್ತಿರೋದು?... ಶರ್ಬರಿ! ನೀನ್ಯಾಕೆ ಫೋನ್ ಕಿತ್ಕೊಂಡೆ?”

“...ಹೇಳ್ಬಿಟ್ಯಾ? ಮಾವನ ಎದುರಿಗೇ?... ಅಂಟು ಕಾಯ್ಸಿದ್ದು, ಅಂಟಿಸಿದ್ದು, ಎಲ್ಲಾನೂ?... ಭಾನುವಾರ ನೀನೂ ಬರ್ತೀಯಾ? ಬಂದು ಹೇಳ್ತೀಯಾ?... ಅಯ್ಯೋ ಹುಡುಗೀ, ಯೋಚ್ನೆ ಮಾಡಿದ್ದೀಯಾ? ನೀನು ಆ ಮನೇಲೇ ಇರಬೇಕಲ್ಲ... ಹಾಂ... ಹಾಂ...”

“...ಏನಂದೆ? ಬರೆದ್ಯಾ? ನೀನಾ?... ಯಾವಾಗ?... ಒಂದೂವರೆ ಪುಟ ಆದ್ರೇನಂತೆ!... ಕೈಯಲ್ಲೇ ಇದ್ಯಾ? ಓದು... ಈಗಲೇ. ಮಾವ ನಿಂತಿದ್ರೆ ನಿಂತ್ಕೊಳ್ಳಲಿ, ಓದು ನೀನು.”

ಇತಿಯ ದನಿಯ ಬಿರುಸು ಇಳಿಯಿತು. ಅವಳು ಮೆಟ್ಟಿಲ ಮೇಲೆ ಕುಳಿತು ಎರಡೂ ಕೈಯಿಂದ ರಿಸೀವರನ್ನು ಹಿಡಿದುಕೊಂಡಳು. ಮಾಶಿ ಮೀನಿನ ಕೈಯಲ್ಲೇ ಬಗ್ಗಿ ಕಿವಿ ಹಚ್ಚಿದಳು. ತಂತಿಯ ಆ ತುದಿಯಲ್ಲಿ ಹುಡುಗಿಯ ದನಿ ಮೊದಲು ಎರಡು ಸಾಲು ನುಂಗಿಕೊಂಡಿತು, ಆಮೇಲೆ ಸ್ಥಿರವಾಯಿತು.

“...ಹಾಂ... ನಿಧಾನವಾಗಿ... ಮದುವೆ ಆದ ಮೂರನೇ ದಿನ... ನಿನ್ನ ಕಾಲೇಜಿನ ಪುಸ್ತಕದ ಹಾಳೆ ಹರಿದು ಪಾತ್ರೆ ಬೀರೂಗೆ ಹಾಸಿದ್ರಾ... ನಿಲ್ಲಿಸ್ಬೇಡ... ದಿನಾ ಪಾತ್ರೆ ತೆಗೆಯೋವಾಗ ಒಂದೊಂದು ಸಾಲು... ಹಾಂ... ಚೆನ್ನಾಗಿದೆ, ಶರ್ಬರಿ, ತುಂಬಾ ಚೆನ್ನಾಗಿದೆ... ಒಂದು ದಿನ ಅತ್ತೆ ನೋಡ್ಬಿಟ್ರು. ಏನೇ ಅಲ್ಲಿ ಹುಡುಕ್ತಿರೋದು ಅಂತ ಕೇಳಿದ್ರು... ಆಮೇಲೆ? ನೀನೇನಂದೆ?... ಶರ್ಬರಿ? ನೀನೇನಂದೆ ಅವರಿಗೆ?... ಹಲೋ?... ಹಲೋ?...”

ಆ ತುದಿಯಲ್ಲಿ ಯಾರೋ ರಿಸೀವರು ಕುಕ್ಕಿದ ಸದ್ದು; ಲೈನು ಕಡಿದುಹೋಗಿತ್ತು.