ಭರಮವ್ವ ತೊಳೆದು ಕಳಿಸಿದ ಚಿತ್ರ

ವೇದಿಕೆಯ ಮೇಲಿನ ಹಿರಿಯರಿಗೆ, ಮಾಸ್ತರರ ಬಣಕಾರ ಮನೆತನದವರಿಗೆ, ಮುಂದೆ ಕುಳಿತ ಅವರ ಪತ್ನಿ ಶಾರದವ್ವನವರಿಗೆ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಿಂದ ಕೆಲಸ ಬಿಟ್ಟು ಬಂದ ಎಲ್ಲ ನಂಟರಿಗೆ, ಗದಿಗೆಪ್ಪ ಮಾಸ್ತರರಿಂದ ಕಿವಿ ಹಿಂಡಿಸಿಕೊಂಡ ಹಳೆಯ ವಿದ್ಯಾರ್ಥಿಗಳಿಗೆ — ಶರಣು.

ಮೈಕು ಒಂದಿಷ್ಟು ಕೆಳಗೆ ಮಾಡಪ್ಪಾ. ಹಾಂ, ಸಾಕು.

ಈ ನುಡಿನಮನದಲ್ಲಿ ಮಾಸ್ತರರ ಕಲೆಯ ಬಗ್ಗೆ ಎರಡು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದಾರೆ. ಕಲೆಯ ಬಗ್ಗೆ ನನಗೇನು ಗೊತ್ತು? ಅವರು ರಾಣೆಬೆನ್ನೂರಿನ ಸಾಲಿಯಲ್ಲಿ ಚಿತ್ರಕಲೆಯ ಮಾಸ್ತರರು, ನಾನು ಅದೇ ಸಾಲಿಯ ಪಿ.ಟಿ. ಮಾಸ್ತರ. ಅವರ ಕೈಯಲ್ಲಿ ಕುಂಚ, ನನ್ನ ಕೊರಳಲ್ಲಿ ಸೀಟಿ. ಸ್ಟಾಫ್ ರೂಮಿನಲ್ಲಿ ಒಂದೇ ಬೆಂಚು ಸವೆಸಿದೆವು, ಅಷ್ಟೇ ನನ್ನ ಅರ್ಹತೆ.

ಎರಡು ಮಾತು ಬೇಡ. ನಾನು ಒಂದೇ ಮಾತು ಹೇಳಲು ಬಂದಿದ್ದೇನೆ.

ಬ್ಯಾಡಗಿ ಪೇಟೆಯಲ್ಲಿ, ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ, ಮೊನ್ನೆ ಮಣ್ಣು ಕೊಡುವಾಗ ಗುಂಡಿಯ ಪಕ್ಕದಲ್ಲೇ — ಹೌದು, ನನ್ನ ಕಿವಿಗೇ ಬಿತ್ತು — ಒಂದು ಮಾತು ಓಡಾಡುತ್ತಿದೆ. ತಂಗಿ ಚಿತ್ರ ತೊಳೆದು ಕೆಡಿಸಿದಳು, ಅದನ್ನು ನೋಡಿ ಅಣ್ಣನ ಎದೆ ಒಡೆಯಿತು. ಹೀಗಂತ.

ಆ ತಂಗಿ, ಭರಮವ್ವ, ಈ ಹಾಲಿನಲ್ಲೇ ಇದ್ದಾರೆ. ಬಾಗಿಲ ಹತ್ತಿರ, ಚಪ್ಪಲಿ ಬಿಟ್ಟ ಕಡೆ, ಸೊಸೆಯ ಪಕ್ಕ ಕೂತಿದ್ದಾರೆ. ತಿರುಗಿ ನೋಡಬೇಡಿ. — ನೋಡಬೇಡಿ ಎಂದೆ, ಎಲ್ಲರೂ ತಿರುಗಿದಿರಿ! ಇರಲಿ. ನೋಡಿದ್ದಾಯಿತಲ್ಲ, ಈಗ ಇತ್ತ ಕಡೆ ಕೇಳಿ.

ಆ ಚಿತ್ರ ಈ ಹಾಲಿಗೆ ಬಂದ ದಿನ ಮಾಸ್ತರರ ಪಕ್ಕ ನಾನಿದ್ದೆ. ನಾನು ಕಂಡದ್ದನ್ನು ಹೇಳುತ್ತೇನೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಮೊದಲು ಅವರ ಅಪ್ಪನಿಂದ ಸುರು ಮಾಡಬೇಕು. ಅವರು ಗುತ್ತಲದಿಂದ ಸೈನ್ಯಕ್ಕೆ ಸೇರಿ, ದೊಡ್ಡ ಯುದ್ಧದಲ್ಲಿ ಬರ್ಮಾದ ಕಾಡಿನವರೆಗೆ ಹೋಗಿ ಬಂದವರು. ಗದಿಗೆಪ್ಪ ಹುಟ್ಟಿದ್ದು ಯುದ್ಧ ಮುಗಿದ ಮರುವರ್ಷ. ಅಪ್ಪ ಮನೆಗೆ ತಂದದ್ದು ಒಂದು ಡೇರೆಯ ಬಟ್ಟೆ ಮಾತ್ರ. ಯುದ್ಧದ ಸುದ್ದಿ ಒಂದೂ ತರಲಿಲ್ಲ. ಯಾರಾದರೂ ಕೇಳಿದರೆ ಎದ್ದು ಕಣಕ್ಕೆ ಹೋಗಿ, ಕೋಲಿನಿಂದ ನೆಲದ ಮೇಲೆ ಗೆರೆ ಎಳೆಯುತ್ತ ಕೂಡುತ್ತಿದ್ದರಂತೆ. ಎಳೆಯುವುದು, ಕಾಲಿನಿಂದ ಅಳಿಸುವುದು. ಮತ್ತೆ ಎಳೆಯುವುದು.

ಗದಿಗೆಪ್ಪ ನನಗೆ ಹೇಳಿದ್ದು ಇಷ್ಟು: “ನಮ್ಮಪ್ಪ ಎಳದ ಗೆರಿ ಗಿಡಾನೂ ಅಲ್ಲ, ಮನಿನೂ ಅಲ್ಲ. ಆದ್ರ ನೋಡಿದ್ರ ಕಣ್ಣ ಕೀಳಾಕ ಆಗತಿದ್ದಿಲ್ಲ. ಅದನ್ನ ಮಾಡಾಕತ್ತೇನಿ ನಾನು.”

ಪೇಪರಿನವರು ಅದಕ್ಕೆ ಅಮೂರ್ತ ಕಲೆ ಎಂದು ದೊಡ್ಡ ಹೆಸರು ಕೊಟ್ಟರು. ನಾನು ಒಮ್ಮೆ ಕೆಣಕಿದೆ: “ಗದಿಗೆಪ್ಪಾ, ಹುಡುಗೂರಿಗೆ ಹೂಜಿ, ಬಾಳೆಹಣ್ಣು ತೆಗಿಯಾಕ ಕಲಸ್ತಿ. ನೀ ನೋಡಿದ್ರ ಇಂಥಾವು ತೆಗೀತಿ. ನಿನಗ ಹೂಜಿ ಬರಂಗಿಲ್ಲೇನು?”

“ಬರತೈತಿ. ನಿನಗೂ ಓಡಾಕ ಬರತೈತಲ್ಲ, ದಿನಾ ಸಾಲಿಗೆ ಓಡಕೋತ ಬರ್ತೀಯೇನು?”

ಆಮೇಲೆ ನಾನು ಕೇಳುವುದನ್ನು ಬಿಟ್ಟೆ.

ಈಗ ಮುಯ್ಯಿಯ ವಿಷಯ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಮಾಡುವುದು ನಿಮಗೆಲ್ಲ ಗೊತ್ತು. ಒಬ್ಬರು ಕೊಡ ಕೊಡುತ್ತಾರೆ, ಒಬ್ಬರು ಪರಾತ ಕೊಡುತ್ತಾರೆ, ಅದರ ಕಂಠದ ಮೇಲೆ ಹೆಸರು ಕೊರೆಸಿರುತ್ತಾರೆ. ನಮ್ಮ ಮಾಸ್ತರರು ಎಲ್ಲ ಮದುವೆಗೂ ಚಿತ್ರವನ್ನೇ ಮುಯ್ಯಿ ಮಾಡಿದರು! ಹಾಳೆಯಲ್ಲಿ ಸುತ್ತಿಕೊಂಡು ಚಪ್ಪರಕ್ಕೆ ಬರುವರು, ಹೆಣ್ಣಿನ ತಾಯಿ ಬಿಚ್ಚಿ ನೋಡಿ ಮುಖ ಸಣ್ಣ ಮಾಡುವಳು. ಇವರು ಹೇಳುವರು: “ಭಾಂಡೆ ಆದ್ರ ತಳಾ ತೂತು ಬೀಳತೈತ್ರಿ. ಇದಕ್ಕ ಬೀಳಂಗಿಲ್ಲ.”

ಹೀಗೆ ಅವರ ಚಿತ್ರಗಳೆಲ್ಲ ಈ ಮೂರು ಊರಿನ ಮನೆಗಳಲ್ಲಿ ಹಂಚಿಹೋದವು. ಒಂದು ಕಡೆ ಜೋಳ ತುಂಬಿದ ಹಗೇವಿನ ಬಾಯಿಗೆ ಮುಚ್ಚಿದ್ದರು. ನಮ್ಮ ಟೇಲರ್ ರಹಿಮಾನಸಾಬರು ಅಂಗಡಿಯಲ್ಲಿ ತೂಗು ಹಾಕಿದ್ದರು. ಹೆಣ್ಣುಮಕ್ಕಳು ಬಂದು, “ಸಾಬರ, ಈ ಡಿಜೈನಿನ ಬಟ್ಟಿ ಇನ್ನೆಷ್ಟು ಮೀಟರ್ ಐತ್ರಿ?” ಎಂದು ಕೇಳುತ್ತಿದ್ದರಂತೆ. — ನಗಿರಿ, ನಗಿರಿ. ಅವರೂ ನಗುತ್ತಿದ್ದರು.

ಈ ವರ್ಷ ನಮ್ಮ ಕಲಾ ಸಂಘದವರು ಆ ಚಿತ್ರಗಳನ್ನೆಲ್ಲ ಒಂದು ಕಡೆ ಕೂಡಿಸಿ, ಇದೇ ಹಾಲನ್ನು ಗ್ಯಾಲರಿ ಮಾಡಿ ಪ್ರದರ್ಶನ ಇಡೋಣ ಎಂದರು. ಗೋಡೆಗೆ ಹೊಡೆದ ಮೊಳೆ ಇನ್ನೂ ಹಾಗೇ ಇವೆ, ನೋಡಿ. ಮಾಸ್ತರರು ಒಂದೇ ಶರತ್ತು ಹಾಕಿದರು. ಬಾಗಿಲ ಎದುರಿನ ಗೋಡೆ ಭರಮವ್ವನ ಚಿತ್ರಕ್ಕೆ. ಅದು ತಂಗಿಯ ಮದುವೆಗೆ ಅವರು ಮಾಡಿದ ಮುಯ್ಯಿ. ಕೊಂಡ ಬಣ್ಣಕ್ಕೆ ಗತಿಯಿಲ್ಲದ ಕಾಲ. ಅಪ್ಪನ ಡೇರೆಯ ಬಟ್ಟೆಯ ಮೇಲೆ ಕೆಮ್ಮಣ್ಣು, ಸುಣ್ಣ, ದೀಪದ ಕಾಡಿಗೆ, ಜಾಲಿಯ ಅಂಟು ಕಲಸಿ ಬರೆದದ್ದು. ಆ ಕಾಲದ್ದು ಅದೊಂದೇ ಉಳಿದಿತ್ತು.

ಅದನ್ನು ತರಲು ಸಂಘದ ಕಾರ್ಯದರ್ಶಿ ಕೊಟ್ರೇಶ ಬ್ಯಾಡಗಿಗೆ ಹೋದರು. ಕೊಟ್ರೇಶ, ತಲೆ ಎತ್ತಪ್ಪಾ, ನಿನ್ನದು ತಪ್ಪಿಲ್ಲ. ಅವರು ಕಾಲೇಜಿನಲ್ಲಿ ಪಾಠ ಹೇಳುವವರು, ಹೊರಗಿನ ಊರವರು. ಅವರಿಗೆ ಎರಡು ಸಂಗತಿ ಗೊತ್ತಿರಲಿಲ್ಲ. ಮೊದಲನೆಯದು, ಮರಳಿ ಕೊಡುತ್ತೇವೆ ಎಂದು ಹೇಳದೆ ಕೊಟ್ಟ ಮುಯ್ಯಿಯನ್ನು ತಿರುಗಿ ಕೇಳಿದರೆ ನಮ್ಮಲ್ಲಿ ನಂಟು ಕಡಿದಂತೆ. ಎರಡನೆಯದು, ಭರಮವ್ವನ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಮಾಸ್ತರರು ಹೋಗಿರಲಿಲ್ಲ. ಆಗ ಹುಬ್ಬಳ್ಳಿಯಲ್ಲಿ ಕಣ್ಣಿನ ಆಪರೇಷನ್ ಆಗಿ ಮಲಗಿದ್ದರು. ತಂಗಿಗೆ ಸಿಟ್ಟು, ಅಣ್ಣ ಬರಲಿಲ್ಲ ಎಂದು. ಅಣ್ಣನಿಗೆ ಸಿಟ್ಟು, ಕಣ್ಣು ನೋಡಲು ತಂಗಿ ಬರಲಿಲ್ಲ ಎಂದು. ಅಂದಿನಿಂದ ಮಾತಿಲ್ಲ.

ಅಲ್ಲಿ ನಡೆದ ಮಾತು ಕೊಟ್ರೇಶನೇ ನನಗೆ ಹೇಳಿದ್ದು.

“ಅಮ್ಮಾರ, ಮಾಸ್ತರು ಆ ಚಿತ್ರ ತರಾಕ ಹೇಳ್ಯಾರ್ರಿ. ಹಾವೇರ್ಯಾಗ ಪ್ರದರ್ಶನ ಐತಿ.”

“ಅಣ್ಣನ ಹೇಳ್ಯಾನೇನು?”

“ಹೌದ್ರಿ.”

“ಅಂವಾ ಯಾಕ ಬರಲಿಲ್ಲ?”

“ಅವರಿಗೆ ಆರಾಮಿಲ್ರಿ.”

“ತೊಟ್ಲಿಗೂ ಆರಾಮಿದ್ದಿಲ್ಲ, ಇದಕ್ಕೂ ಆರಾಮಿಲ್ಲ! ಆತು. ನಾಳಿಗೆ ಬರ್ರಿ, ಕೊಡತೇನಿ.”

ಆಕೆ ಪ್ರದರ್ಶನ ಎಂದು ತಿಳಿಯಲಿಲ್ಲ. ಅಣ್ಣ ಮುಯ್ಯಿ ತಿರುಗಿ ಕೇಳಿದ, ಮುಗಿಯಿತು ನಂಟು, ಎಂದು ತಿಳಿದರು. ಮತ್ತೆ ನಮ್ಮ ಹೆಣ್ಣುಮಕ್ಕಳು ಮಂದಿಯ ಸಾಮಾನು ಹೇಗೆ ತಿರುಗಿ ಕೊಡುತ್ತಾರೆ? ಮಜ್ಜಿಗೆ ತಂದ ತಂಬಿಗೆ ಇರಲಿ, ಜಗಳಾಡಿ ಬಿಸಾಕುವ ಕೊಡ ಇರಲಿ, ಥಳಥಳ ತೊಳೆದೇ ಕೊಡಬೇಕು. ಹಾಗೇ ಕೊಟ್ಟವಳನ್ನು ಓಣಿ ಆಡಿಕೊಳ್ಳುತ್ತದೆ. ಭರಮವ್ವ ಚಿತ್ರದ ಬಟ್ಟೆಯನ್ನು ಚೌಕಟ್ಟಿನಿಂದ ಬಿಚ್ಚಿ, ಹಿತ್ತಲ ಕಲ್ಲಿನ ಮೇಲೆ ಹಾಸಿ, ಅಂಟವಾಳದ ಪುಡಿ ಹಾಕಿ ತಿಕ್ಕಿದರು.

ಸೊಸೆ ನಿರ್ಮಲಾ ನೀರು ಹಾಕುತ್ತಿದ್ದವಳು ನಿಂತಳಂತೆ. “ಅತ್ತೀ, ಬಣ್ಣ ಬಿಡಾಕತ್ತೈತ್ರಿ.”

“ಬಣ್ಣ ಅಲ್ಲ ಅದು, ಐವತ್ತು ವರ್ಷದ ಧೂಳ. ಸುಮ್ನ ನೀರ ಹಾಕು!”

ಕಲ್ಲಿನಿಂದ ಕೆಂಪು ನೀರು ಹರಿದು ಹಿತ್ತಲ ಬೇಲಿ ಮುಟ್ಟಿದ ಮೇಲೆ ಆಕೆಗೆ ತಿಳಿಯಿತು. ಆದರೂ ಕಳಿಸಿದರು. ಕೊಡುತ್ತೇನೆ ಎಂದ ಮಾತು. ಒಣಗಿಸಿ, ಮತ್ತೆ ಚೌಕಟ್ಟಿಗೆ ಮೊಳೆ ಹೊಡೆಸಿ, ತಿರುಗಿ ಕೊಡುವ ಸಾಮಾನು ಖಾಲಿ ಕಳಿಸಬಾರದೆಂದು ಮೂಲೆಗೆ ಒಂದು ಬೆಲ್ಲದ ಹೆಂಟೆ ಕಟ್ಟಿ ಕಳಿಸಿದರು.

ಉದ್ಘಾಟನೆಯ ಮುಂಜಾನೆ ಅದು ಇಲ್ಲಿಗೆ ಬಂತು. ಮಾಸ್ತರರು ಅಲ್ಲಿ, ಆ ಕಂಬದ ಹತ್ತಿರ ನಿಂತಿದ್ದರು. ಕೊಟ್ರೇಶ ಸುತ್ತಿದ್ದ ಚಾದರ ಬಿಚ್ಚಿದರು.

ಸಂಕಟವಾಯಿತೇ? ಆಯಿತು. ನಾನು ಸುಳ್ಳು ಹೇಳಲಾರೆ, ಭರಮವ್ವ. ಅವರ ಮುಖ ಸುಣ್ಣವಾಯಿತು. “ತಿಕ್ಯಾಳಲೋ ವಿರೂಪಾಕ್ಷಿ! ಹುಚ್ಚಿ! ಕಲ್ಲಿಗೆ ಹಾಕಿ ತಿಕ್ಯಾಳ!” ಎಂದು ಕೂಗಿದರು. ನಾನು ಕುರ್ಚಿ ಎಳೆದು ಕೂಡಿಸಿದೆ. ಎರಡು ಸಲ ಎದೆನೋವು ಬಂದು ಹೋದ ಮನುಷ್ಯ. ನನಗೆ ದಿಗಿಲು. ಹೊರಗೆ ಅತಿಥಿಗಳ ಕಾರು ಬಂದು ನಿಂತ ಸಪ್ಪಳ.

ಕೊಟ್ರೇಶ ಮೆಲ್ಲಗೆ ಅಂದರು: “ಸರ್, ಇದನ್ನ ಹಚ್ಚೂದು ಬ್ಯಾಡ್ರಿ. ಬ್ಯಾರೇದು ಹಚ್ಚೂಣು.”

ಮಾಸ್ತರರು ಬಹಳ ಹೊತ್ತು ಆ ಬಟ್ಟೆಯನ್ನೇ ನೋಡಿದರು. ನಡುವೆ ಒಂದಿಷ್ಟು ಕೆಂಪು ಉಳಿದಿತ್ತು. ಉಳಿದದ್ದು ಬರೀ ಡೇರೆ. ಅದರ ನಟ್ಟನಡುವೆ ಒಂದು ಹೊಲಿಗೆ, ಎರಡು ತುಂಡು ಜೋಡಿಸಿ ದಬ್ಬಣದಿಂದ ಹಾಕಿದ ದಪ್ಪ ಹೊಲಿಗೆ. ಎದ್ದು ಹೋಗಿ ಅದರ ಮೇಲೆ ಬೆರಳಿಟ್ಟರು.

“ನಮ್ಮಪ್ಪ ಹಾಕಿದ್ದು,” ಎಂದರು. “ನಾ ಇದನ್ನ ಬಣ್ಣ ಬಳದು ಮುಚ್ಚಿದ್ದೆ.”

ಆಮೇಲೆ ಬೆಲ್ಲದ ಹೆಂಟೆ ಕಣ್ಣಿಗೆ ಬಿತ್ತು. ಅದನ್ನು ನೋಡಿದ ಕೂಡಲೇ ಅವರಿಗೆ ಎಲ್ಲ ತಿಳಿಯಿತು. ಚಿತ್ರ ಕೆಟ್ಟದ್ದಕ್ಕಿಂತ ಅದು ಅವರನ್ನು ಹೆಚ್ಚು ಹೆದರಿಸಿತು. ನನ್ನ ರಟ್ಟೆ ಹಿಡಿದರು: “ವಿರೂಪಾಕ್ಷಿ, ಅಕಿ ಮುಯ್ಯಿ ತಿರುಗಿ ಕಳಿಸ್ಯಾಳೋ! ನಾ ನಂಟು ಕಡದೆ ಅಂತ ತಿಳದಾಳ!”

“ಫೋನ್ ಹಚ್ಚು, ಹೇಳು.”

“ಫೋನಿನ್ಯಾಗ ನಂಟು ಕೂಡಸ್ತಾರೇನಲೇ? ಹೋಗಬೇಕು. ಮೊದಲ ಇದನ್ನ ಗೋಡಿಗೆ ಹಚ್ಚು. ಹಚ್ಚಲಿಲ್ಲಂದ್ರ ನಾ ಒಲ್ಲೆ ಅಂದಂಗ ಆಗತೈತಿ.”

ಉಳಿದ ಚಿತ್ರಗಳ ಕೆಳಗೆಲ್ಲ ‘ಹೆಸರಿಲ್ಲ’ ಎಂದು ಚೀಟಿ ಅಂಟಿಸಿತ್ತು. ಇದರ ಕೆಳಗೆ ಅವರೇ ಕೈಯಾರೆ ಬರೆದರು: ‘ಭರಮವ್ವನ ಮನೆಯದು’.

ಆ ಚೀಟಿಯನ್ನು ನೀವೆಲ್ಲ ಓದಿದಿರಿ. ಓದಿ ಏನೆಂದಿರಿ? ಕೆಡಿಸಿದವಳ ಹೆಸರು ಊರಿಗೆ ತಿಳಿಯಲಿ ಎಂದು ಬರೆದು ಹಚ್ಚಿದ್ದಾನೆ, ಎಂದಿರಿ! ಆ ಮಾತು ಬ್ಯಾಡಗಿಗೂ ಮುಟ್ಟಿತು. ಆಕೆ ಪ್ರದರ್ಶನಕ್ಕೆ ಕಾಲಿಡಲಿಲ್ಲ.

ಅದು ಬೈಗುಳವಲ್ಲ. ಬೈಗುಳವಲ್ಲ, ಕೇಳಿ. ಇದು ನನ್ನದಲ್ಲ, ತಂಗಿಯದು, ನಾನು ತಿರುಗಿ ತೆಗೆದುಕೊಂಡಿಲ್ಲ, ನೋಡಲು ತಂದಿದ್ದೇನೆ ಅಷ್ಟೇ ಎಂದು ಅಣ್ಣ ಮಂದಿಯ ಮುಂದೆ ಬರೆದು ಹಚ್ಚಿದ್ದು ಅದು.

ಚಿತ್ರ ಕೈಯಲ್ಲಿ ಹಿಡಿದೇ ಹೋಗಬೇಕೆಂದು ಮಾಸ್ತರರು ಪ್ರದರ್ಶನ ಮುಗಿಯುವವರೆಗೆ ಕಾದರು; ಅದು ಶನಿವಾರ ಮುಗಿಯಿತು. ಸೋಮವಾರ ಬ್ಯಾಡಗಿಗೆ ಹೋಗುವುದು ಎಂದು ಗೊತ್ತು ಮಾಡಿದೆವು. ಶನಿವಾರ ಸಂಜೆಯೇ ಚಿತ್ರವನ್ನು ಮನೆಗೆ ಒಯ್ದಿಟ್ಟು, ನನ್ನನ್ನು ರಾಣೆಬೆನ್ನೂರಿನ ಅಂಗಡಿಗೆ ಎಳೆದುಕೊಂಡು ಹೋಗಿ ತಂಗಿಗೆ ಕೊಡಲು ಕುಬಸದ ಖಣ, ರವಿಕೆಯ ಬಟ್ಟೆ, ತೆಗೆಸಿದರು. ನಾನು ಹಸಿರು ತೋರಿಸಿದೆ. “ನಿನಗೇನ ತಿಳೀತೈತಿ ಬಣ್ಣ? ಅಕಿಗೆ ನೇರಳಿ ಸೇರತೈತಿ,” ಎಂದರು. ಹೌದು ಮತ್ತೆ. ನನಗೇನು ತಿಳಿಯುತ್ತದೆ ಬಣ್ಣ.

ರವಿವಾರ ಮುಂಜಾನೆ ಶಾರದವ್ವ ಚಹಾ ತೆಗೆದುಕೊಂಡು ಎಬ್ಬಿಸಲು ಹೋದಾಗ —

ಇರಲಿ.

ಅವರ ಎದೆ ಎಂದು ನಿಲ್ಲುತ್ತಿತ್ತೋ ನಾನು ಹೇಳಲಾರೆ. ಡಾಕ್ಟರರೂ ಹೇಳಲಾರರು. ಆದರೆ ಕೊನೆಯ ದಿನ ಆ ಎದೆಯಲ್ಲಿ ಏನಿತ್ತು ಎಂಬುದನ್ನು ನಾನು ಕಂಡಿದ್ದೇನೆ. ನೇರಳೆ ಬಣ್ಣದ ಖಣ ಇತ್ತು. ಸೋಮವಾರದ ಬಸ್ಸು ಇತ್ತು.

ಫೋಟೋದ ಪಕ್ಕದ ಕುರ್ಚಿಯ ಮೇಲೆ ಬಿಳಿ ಬಟ್ಟೆ ಮುಚ್ಚಿಟ್ಟಿರುವುದು ಆ ಚಿತ್ರ. ಕೊಟ್ರೇಶ, ಬಟ್ಟೆ ತೆಗಿ. — ಬೆಲ್ಲದ ಹೆಂಟೆ ಕಟ್ಟಿದ್ದ ಮೂಲೆಗೆ ಈಗ ಖಣ ಕಟ್ಟಿದೆ. ಖಾಲಿ ಕಳಿಸಬಾರದು ಎಂದು ಕಟ್ಟಿದವರು ಅವರೇ, ಗಂಟು ಅವರದೇ. ಶಾರದವ್ವ ಯಾರಿಗೂ ಮುಟ್ಟಗೊಟ್ಟಿಲ್ಲ. ಬೆಂಗಳೂರಿನ ಗ್ಯಾಲರಿಯವರು ಉಳಿದ ಚಿತ್ರಗಳನ್ನು ಒಯ್ದು ಅಲ್ಲಿಯೂ ಪ್ರದರ್ಶನ ಇಡುತ್ತಾರಂತೆ. ಸಂತೋಷ, ಒಯ್ಯಲಿ. ಇದು ಮಾತ್ರ ಇಲ್ಲಿಂದ ಸೀದಾ ಬ್ಯಾಡಗಿಗೆ ಹೋಗುತ್ತದೆ.

ಭರಮವ್ವ, ತಂಗೀ, ಏಳವಾ. ನಿನ್ನ ಮುಯ್ಯಿ ನಿನ್ನ ಮನೆಗೆ ಬರಬೇಕು. ಕೊಡುವ ಕೈ ನನ್ನದಾಯಿತು, ಏನು ಮಾಡಲಿ.

ದಾರಿ ಬಿಡಿ, ದಾರಿ ಬಿಡಿ. ನಿರ್ಮಲಾ, ಕೈ ಹಿಡಿ. ಗಡಿಬಿಡಿ ಇಲ್ಲ, ನಿಧಾನ ಬಾರವಾ. ಶಾರದವ್ವ, ನೀವೂ ಬರ್ರಿ. ಹಾಂ — ಇಬ್ಬರೂ ಒಂದೊಂದು ಕಡೆ ಹಿಡೀರಿ.

ಕೆಲಸದಲ್ಲಿ ಇದ್ದಷ್ಟು ದಿನ ನಾನು ಸೀಟಿ ಊದಿ ಮಂದಿಯನ್ನು ಎಬ್ಬಿಸಿ ನಿಲ್ಲಿಸಿದವನು. ಇವತ್ತು ನನ್ನ ಹತ್ತಿರ ಸೀಟಿ ಇಲ್ಲ. ಅವರಿಬ್ಬರೂ ನಿಂತಿದ್ದಾರೆ. ಅವರನ್ನು ನೋಡಿ, ನೀವಾಗಿ ನೀವೇ ಏಳಿರಿ. ಒಂದಿಷ್ಟು ಹೊತ್ತು ಯಾರೂ, ಯಾರ ಬಗ್ಗೆಯೂ, ಏನೂ ಮಾತಾಡಬೇಡಿ.